ಮುಚ್ಚಳದಡಿಯ ಕಿಡಿ

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳ ಹಿಂದಿನ ಗಲ್ಲಿ. ಕೆನೆಬಣ್ಣದ ಪ್ರೀಮಿಯರ್ ಪದ್ಮಿನಿಯೊಂದು ಬಾನೆಟ್ ತೆರೆದು ನಿಂತಿದೆ. ಮಡ್‌ಗಾರ್ಡಿನ ಮೇಲೆ ಹಾಸಿದ ಹಳೇ ಟವೆಲ್ಲಿನಲ್ಲಿ ಎರಡು ಸ್ಕ್ರೂಡ್ರೈವರ್, ಒಂದು ಫಿಲ್ಲರ್ ಗೇಜು, ವೈರು ಸುತ್ತಿದ ಟೆಸ್ಟ್ ಬಲ್ಬು. ಪಕ್ಕದ ಹೊಸ ಡಬ್ಬಿಯೊಳಗೆ ಹೆಬ್ಬೆರಳ ಗಾತ್ರದ ಕಪ್ಪು ಮಾಡ್ಯೂಲು. ಅದರಿಂದ ಕೆಂಪು, ಕಪ್ಪು ಎರಡು ವೈರು ಹೊರಟಿವೆ. ಜೊತೆಗೊಂದು ಉಂಗುರ; ಅದರ ಹೊಟ್ಟೆಯಲ್ಲಿ ನಾಲ್ಕು ಪುಟ್ಟ ಅಯಸ್ಕಾಂತ.

ಮೇಸ್ತ್ರಿ ಕ್ಲಿಪ್ಪು ಸರಿಸಿ ಡಿಸ್ಟ್ರಿಬ್ಯೂಟರ್ ಮುಚ್ಚಳ ಎತ್ತಿದರು, ರೋಟರ್ ಕಿತ್ತರು. ತಳದಲ್ಲಿ ಪಾಯಿಂಟ್ ಕಾಣಿಸಿತು. ಗ್ಯಾರೇಜಿನವರು ಪ್ಲಾಟಿನಂ ಎನ್ನುವ ಆ ಟಂಗ್‌ಸ್ಟನ್ ತುದಿಗಳಲ್ಲಿ ಒಂದು ಗುಳಿಬಿದ್ದಿದೆ, ಎದುರಿನದರ ಮೇಲೆ ಮೊಡವೆಯೆದ್ದಿದೆ.

ಪಾಪ, ಅದರ ದುಡಿಮೆ ಲೆಕ್ಕ ಹಾಕಿ ನೋಡಿ. 1089 ಸಿಸಿಯ ಈ ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಪಾಯಿಂಟ್ ಸೆಕೆಂಡಿಗೆ 100 ಸಲ ತೆರೆದು ಮುಚ್ಚಬೇಕು. ತೆರೆದ ಆ ಗಳಿಗೆಯಲ್ಲೇ ಕಾಯಿಲ್‌ನ ಕಾಂತಕ್ಷೇತ್ರ ಕುಸಿದು, ಬ್ಯಾಟರಿಯ 12 ವೋಲ್ಟು ಹಲವು ಸಾವಿರ ವೋಲ್ಟಾಗಿ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಒಂದು ಶತಮಾನದ ಹಿಂದೆ ಕಾರಿಗೆ ಒಗ್ಗಿಸಿದ ಏರ್ಪಾಡು ಇದು. ಕೇಡು ಇರುವುದು ಉಜ್ಜಾಟದಲ್ಲಿ. ಕ್ಯಾಮಿಗೆ ಒರಗಿದ ಫೈಬರ್ ಹಿಮ್ಮಡಿ ಸವೆದಂತೆ ಗ್ಯಾಪ್ ಕಿರಿದಾಗುತ್ತದೆ, ಪಾಯಿಂಟ್ ತಡವಾಗಿ ತೆರೆಯುತ್ತದೆ, ಟೈಮಿಂಗ್ ಹಿಂದೆ ಬೀಳುತ್ತದೆ. ಏರಿನಲ್ಲಿ ಕಾರು ಮುಲುಗತೊಡಗುವುದು ಆಗಲೇ.

“ಈ ವರ್ಷ ಎಷ್ಟು ಪಾಯಿಂಟ್ ಹಾಕಿಸಿದೆ ಅಂತ ಲೆಕ್ಕ ಇಟ್ಟಿಲ್ಲ ಮೇಸ್ತ್ರಿ. ಸಿಗೋದೂ ನಕಲಿ ಮಾಲು,” ಎಂದರು ಮಾಲೀಕರು.

“ಅದಕ್ಕೇ ಸಾರ್ ಇದು.”

ಪಾಯಿಂಟ್, ಕಂಡೆನ್ಸರ್ ಎರಡೂ ಹೊರಬಂದವು. ಅದೇ ತಟ್ಟೆಯ ಮೇಲೆ ಮಾಡ್ಯೂಲು ಕೂತಿತು, ಕ್ಯಾಮಿನ ಮೇಲೆ ಉಂಗುರ ಇಳಿಯಿತು. ಅಯಸ್ಕಾಂತ ಎದುರು ಹಾದಾಗ ಒಳಗಿನ ಹಾಲ್ ಸೆನ್ಸರ್ ಅರಿಯುತ್ತದೆ, ಟ್ರಾನ್ಸಿಸ್ಟರ್ ಕಾಯಿಲ್‌ನ ಕರೆಂಟನ್ನು ಕಡಿಯುತ್ತದೆ. ಯಾವುದೂ ಯಾವುದಕ್ಕೂ ತಾಗದು, ಹಾಗಾಗಿ ಸವೆತವಿಲ್ಲ. ಎಡ್ವಿನ್ ಹಾಲ್ ಈ ಪರಿಣಾಮವನ್ನು ಕಂಡದ್ದು 1879ರಲ್ಲಿ, ರಸ್ತೆಗೆ ಕಾರು ಇಳಿಯುವುದಕ್ಕೂ ಮುಂಚೆ! ಕ್ರೈಸ್ಲರ್ ಕಂಪನಿ 1973ರ ಹೊತ್ತಿಗೇ ಅಮೆರಿಕದ ತನ್ನ ಕಾರುಗಳಿಗೆ ಎಲೆಕ್ಟ್ರಾನಿಕ್ ಇಗ್ನಿಷನ್ ಕೂರಿಸಿತ್ತು. ಪದ್ಮಿನಿ ಮಾತ್ರ ಆಮೇಲೂ ವರ್ಷಾನುಗಟ್ಟಲೆ ಪಾಯಿಂಟ್ ಹೊತ್ತೇ ಓಡಾಡಿತು.

ವೈರು ಸಿಕ್ಕಿಸುವಾಗ ಮೇಸ್ತ್ರಿಯ ಕೈ ನಿಧಾನವಾಯಿತು. ಕೆಂಪು ಕಾಯಿಲ್‌ನ ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ. ಅದಲುಬದಲಾದರೆ ಮಾಡ್ಯೂಲು ಅಲ್ಲಿಗೇ ಗೋವಿಂದ. ಬ್ಯಾಟರಿಯ ಪ್ಲಸ್ ಕಡೆಯನ್ನು ಕಾರಿನ ಬಾಡಿಯೊಂದಿಗೆ ಜೋಡಿಸಿರುವ ಹಳೇ ಬ್ರಿಟಿಷ್ ಕಾರುಗಳಿಗೆ ಬೇರೆಯದೇ ಮಾಡ್ಯೂಲು ಬೇಕು. ಕಾಯಿಲ್‌ನ ಓಮ್ ಅಳೆಯದೆ ಕೂರಿಸುವವರನ್ನು ಕಂಡರೆ ಮೇಸ್ತ್ರಿಗೆ ಸಿಟ್ಟು. ಓಮ್ ತೀರಾ ಕಡಿಮೆಯಿದ್ದರೆ ಕರೆಂಟ್ ಹೆಚ್ಚು ಹರಿದು ಮಾಡ್ಯೂಲು ಕಾದು ಹೋಗುತ್ತದೆ.

ಕೀಲಿ ತಿರುಗಿಸಿದರು. ಎಂಜಿನ್ ಕೆಮ್ಮದೆ ಎದ್ದಿತು. ಐಡ್ಲಿಂಗ್‌ನಲ್ಲಿ ಇದ್ದ ನಡುಕ ಇಲ್ಲ. ಮಾಲೀಕರ ಮುಖ ಅರಳಿತು, “ಪವರ್ ಜಾಸ್ತಿ ಆಯ್ತಲ್ವಾ?” ಆಗಿಲ್ಲ ಎಂಬುದೇ ನನ್ನ ಅನಿಸಿಕೆ. ಸರಿಯಾಗಿ ಗ್ಯಾಪ್ ಇಟ್ಟ ಹೊಸ ಪಾಯಿಂಟೂ ಇಷ್ಟೇ ಚೆನ್ನಾಗಿ ಓಡಿಸುತ್ತದೆ. ಹಾಗೇ ಉಳಿಯುವುದಿಲ್ಲ ಅಷ್ಟೆ. ದಿನಾ ಆಫೀಸಿಗೆ ಹೋಗುವ ಕಾರಿಗೆ ಮಾಡ್ಯೂಲೇ ಸರಿ. ಒಂದು ಮಾತು ಮಾತ್ರ ಉಂಟು. ಪಾಯಿಂಟ್ ಸಾಯುವ ಮುನ್ನ ವಾರಗಟ್ಟಲೆ ನರಳಿ ಸೂಚನೆ ಕೊಡುತ್ತದೆ, ಇದು ಹೇಳದೆ ಕೇಳದೆ ಕೈಕೊಡುತ್ತದೆ.

ಮೇಸ್ತ್ರಿಗೂ ಅದು ಗೊತ್ತು. ಹೊಸ ಪಾಯಿಂಟ್ ಒಂದನ್ನೂ ಹಳೇ ಕಂಡೆನ್ಸರನ್ನೂ ಕಾಗದದಲ್ಲಿ ಸುತ್ತಿ ಡ್ಯಾಶ್‌ಬೋರ್ಡಿನ ಖಾನೆಗೆ ತುರುಕಿದರು. “ಎಂಜಿನ್ ನಿಲ್ಲಿಸಿ ಕೀಲಿ ಆನ್‌ನಲ್ಲಿ ಬಿಟ್ಟು ರೇಡಿಯೋ ಕೇಳ್ಬೇಡಿ ಸಾರ್, ಇದು ಸುಟ್ಟೋಗುತ್ತೆ. ಘಾಟಿಯಲ್ಲಿ ಕೈಕೊಟ್ರೆ ಇದನ್ನ ಬಿಚ್ಚಿ, ಅದನ್ನ ಹಾಕಿ.”

“ಗ್ಯಾಪ್ ಹೇಗೆ ಇಡ್ಲಿ? ನನ್ನ ಹತ್ರ ಫಿಲ್ಲರ್ ಗೇಜ್ ಇಲ್ಲ.”

“ವಿಸಿಟಿಂಗ್ ಕಾರ್ಡ್ ಇದೆಯಲ್ಲ ಸಾರ್, ಅದರ ದಪ್ಪ ಸಾಕು. ಮನೆ ಸೇರ್ತೀರಿ.”