ಮೀಸೆ ನೋಡಿ, ಹೆಸರು ಹೇಳಿ

ವರದೆ ತುಂಗಭದ್ರೆಯನ್ನು ಕೂಡುವ ಗಳಗನಾಥದಲ್ಲಿ ಗಳಗೇಶ್ವರನ ಗುಡಿ ನೋಡಿ ಹೊರಬಂದವರು ಹೊಳೆದಂಡೆಯ ಹೊಲಗಳ ಬೇಲಿಯತ್ತಲೂ ಒಮ್ಮೆ ಕಣ್ಣು ಹಾಯಿಸಬೇಕು. ಬಿಸಿಲೇರಿದ ಹೊತ್ತಿನಲ್ಲಿ ಉದ್ದ ಮೈಯ ಕೀಟವೊಂದು ಒಣಕಡ್ಡಿಯ ತುದಿಯಲ್ಲಿ ಕೂತು, ಹಾರುವ ಹುಳವನ್ನು ಗಾಳಿಯಲ್ಲೇ ಹಿಡಿದು, ಮತ್ತೆ ಅದೇ ಕಡ್ಡಿಗೆ ಮರಳುತ್ತಿದ್ದರೆ ಅದು ದರೋಡೆ ನೊಣ ಇರಬಹುದು. ಫೋಟೋ ತೆಗೆದು ವಾಟ್ಸ್‌ಆ್ಯಪ್‌ಗೆ ಹಾಕಿ ನೋಡಿ: ಒಬ್ಬರು ಕಣಜ ಅಂತಾರೆ, ಇನ್ನೊಬ್ಬರು ಏರೋಪ್ಲೇನ್ ಚಿಟ್ಟೆ ಅಂತಾರೆ, ಮತ್ತೊಬ್ಬರಿಗೆ ಅದು ದನ ಕಚ್ಚುವ ನೊಣ.

‘ಬಾಲ ಚೂಪಾಗಿದೆ, ಚುಚ್ಚುತ್ತದೆ’ ಎಂಬುದು ಹೆಚ್ಚು ಕೇಳಿಬರುವ ಮಾತು. ನೊಣಗಳ ಬಳಗದಲ್ಲಿ ಯಾವುದಕ್ಕೂ ಕೊಂಡಿಯಿಲ್ಲ. ಹೆಣ್ಣಿನ ಆ ಮೊನಚು ತುದಿ ಮೊಟ್ಟೆಯಿಡುವ ಅಂಗ. ಆಯುಧವಿರುವುದು ತಲೆಯಲ್ಲಿ. ಗಟ್ಟಿಯಾದ ಬಾಯಿಯನ್ನು ಬೇಟೆಯ ಮೈಗೆ ನಾಟಿ ಜೊಲ್ಲು ಇಳಿಸುತ್ತದೆ. ಜೊಲ್ಲಿನ ವಿಷಕ್ಕೆ ಬೇಟೆ ಸೆಟೆದುಕೊಳ್ಳುತ್ತದೆ, ಒಳಗಿನದೆಲ್ಲ ಕರಗುತ್ತದೆ, ಆಮೇಲೆ ಹೀರುವುದು. ದನದ ರಕ್ತವಾಗಲಿ ನಮ್ಮ ರಕ್ತವಾಗಲಿ ಅದಕ್ಕೆ ಬೇಡ. ಕೈಯಲ್ಲಿ ಹಿಡಿದರೆ ಕಚ್ಚೀತು, ನೋವೂ ಆದೀತು, ತಪ್ಪು ಹಿಡಿದವರದು.

‘ರೆಕ್ಕೆ ಎಣಿಸಿದರೆ ಸಾಕು: ನೊಣಕ್ಕೆ ಎರಡು, ಜೇನಿಗೆ ನಾಲ್ಕು.’ ಪುಸ್ತಕದಲ್ಲಿ ಸರಿ, ಫೋಟೋದಲ್ಲಿ ಕೈಕೊಡುವ ಲೆಕ್ಕ. ಜೇನು ಮತ್ತು ಕಣಜದ ಹಿಂದಿನ ರೆಕ್ಕೆಗಳು ಸಣ್ಣ ಕೊಕ್ಕೆಗಳಿಂದ ಮುಂದಿನವಕ್ಕೆ ಸಿಕ್ಕಿಕೊಂಡಿರುತ್ತವೆ, ನಾಲ್ಕೂ ಎರಡಾಗಿ ಕಾಣುತ್ತವೆ. ಬಣ್ಣವಂತೂ ಇನ್ನೂ ಮೋಸ. ಕೆಲವು ದರೋಡೆ ನೊಣಗಳು ದಟ್ಟ ರೋಮ ಹೊದ್ದು ಜೇನಿನ ವೇಷ ಹಾಕುತ್ತವೆ. ದಕ್ಷಿಣ ಭಾರತದಲ್ಲಿರುವ ಹೈಪರೆಕಿಯಾ ಎಂಬ ಕುಲ, ಮರ ಕೊರೆಯುವ ಕರಿ ದುಂಬಿಯ ಪಡಿಯಚ್ಚು.

ಹಾಗಾಗಿ ಮುಖ ನೋಡಬೇಕು. ಎರಡು ದೊಡ್ಡ ಕಣ್ಣುಗಳ ನಡುವೆ ನೆತ್ತಿ ತಗ್ಗಾಗಿರುತ್ತದೆ, ಎರಡು ಗುಡ್ಡಗಳ ನಡುವಿನ ಕಣಿವೆಯ ಹಾಗೆ. ಆ ತಗ್ಗಿನಲ್ಲೇ ಮೂರು ಪುಟ್ಟ ಕಣ್ಣುಗಳಿವೆ. ದನ ಕಚ್ಚುವ ನೊಣದ ಗಂಡಿಗೆ ಸಾಮಾನ್ಯವಾಗಿ ಎರಡೂ ಕಣ್ಣು ನೆತ್ತಿಯಲ್ಲಿ ಕೂಡಿಕೊಂಡಿರುತ್ತವೆ. ದರೋಡೆ ನೊಣದಲ್ಲಿ ಗಂಡು ಹೆಣ್ಣು ಎರಡಕ್ಕೂ ಬೇರೆ ಬೇರೆ. ಬಾಯಿಯ ಮೇಲೆ ಒರಟು ಕೂದಲಿನ ಮೀಸೆ. ಒದ್ದಾಡುವ ಬೇಟೆಯಿಂದ ಮುಖ ಕಾಯಲು ಅದು ಇದೆ ಎನ್ನುತ್ತಾರೆ. ಮುಂದಕ್ಕೆ ಚಾಚಿದ ಗಿಡ್ಡ ಮೀಸೆಕಡ್ಡಿ, ಮುಳ್ಳು ತುಂಬಿದ ಕಾಲು, ರೆಕ್ಕೆಯ ಹಿಂದೆ ಗುಂಡುತಲೆಯ ಪುಟ್ಟ ಕಡ್ಡಿ. ಇಷ್ಟೂ ಸಿಕ್ಕರೆ ಮೈ ಯಾವ ಬಣ್ಣದ್ದಾದರೂ ಅನುಮಾನ ಬೇಡ.

ಬ್ಯಾಡಗಿ ಸೀಮೆಯ ಮೆಣಸಿನ ಹೊಲದಲ್ಲಿ ಇದನ್ನು ಕಂಡವರು ಪೀಡೆ ಎಂದು ಎಣ್ಣೆ ಹೊಡೆಯಬೇಕಿಲ್ಲ. ಅದು ಎಲೆ ತಿನ್ನುವುದಿಲ್ಲ, ಕಾಯಿ ಕೊರೆಯುವುದಿಲ್ಲ. ಹಲವು ಜಾತಿಗಳ ಮರಿಗಳು ಮಣ್ಣಿನಲ್ಲಿ ಬೇರೆ ಹುಳಗಳನ್ನು ತಿಂದು ಬೆಳೆಯುತ್ತವೆ. ಆದರೆ ‘ರೈತನ ಮಿತ್ರ’ ಎಂದು ಬಿರುದು ಕೊಡುವ ಆತುರವೂ ಬೇಡ. ಚಿಟ್ಟೆ, ಜೇನು, ತನ್ನದೇ ಜಾತಿ, ಯಾವುದನ್ನೂ ಬಿಡದ ಪ್ರಾಣಿ ಇದು. ಮೆಣಸಿಗೆ ಕಾಡುವ ಥ್ರಿಪ್ಸ್‌ನಂಥ ಅತಿಸಣ್ಣ ಕೀಟವನ್ನು ಇದು ನಿವಾರಿಸುತ್ತದೆಂದು ನಂಬಿ ಕೂರುವುದಂತೂ ಬೇಡವೇ ಬೇಡ.

ಕೊನೆಯ ತಪ್ಪು ತಿಳಿವಳಿಕೆ ಓದಿದವರದ್ದು: ಫೋಟೋ ಚೆನ್ನಾಗಿದ್ದರೆ ಮೊಬೈಲ್ ಆ್ಯಪ್ ಜಾತಿಯ ಹೆಸರನ್ನೇ ಹೇಳಿಬಿಡುತ್ತದಂತೆ. ಜಗತ್ತಿನಲ್ಲಿ 7,000ಕ್ಕೂ ಹೆಚ್ಚು ಜಾತಿಯ ದರೋಡೆ ನೊಣಗಳಿವೆ. ಫೋಟೋದಿಂದ ಕುಟುಂಬ ಗೊತ್ತಾಗುತ್ತದೆ. ಕೆಲವೊಮ್ಮೆ ಕುಲವೂ ಗೊತ್ತಾಗುತ್ತದೆ: ಮೀಸೆಕಡ್ಡಿಯ ತುದಿ ಗರಿಯಂತಿದ್ದರೆ ಒಮೇಷಿಯಸ್ ಬಳಗವೆಂದು ಊಹಿಸಬಹುದು. ಜಾತಿಯ ತೀರ್ಮಾನಕ್ಕೆ ಹೆಚ್ಚಿನ ಸಲ ಗಂಡಿನ ಜನನಾಂಗವನ್ನು ಸೂಕ್ಷ್ಮದರ್ಶಕದಡಿ ನೋಡಲೇಬೇಕು.

ಗಳಗನಾಥದ ಹೊಳೆದಂಡೆಯಲ್ಲಾಗಲಿ, ರಾಣೆಬೆನ್ನೂರಿನ ಕೃಷ್ಣಮೃಗಗಳ ಹುಲ್ಲುಗಾವಲಿನ ಅಂಚಿನಲ್ಲಾಗಲಿ ಸಿಕ್ಕರೆ ಒಂದೇ ಫೋಟೋಕ್ಕೆ ನಿಲ್ಲಬೇಡಿ. ಪಕ್ಕದಿಂದ ಒಂದು, ಎದುರಿನಿಂದ ಮುಖದ್ದು ಒಂದು, ರೆಕ್ಕೆಯ ನರಗಳು ಕಾಣುವಂತೆ ಮೇಲಿನಿಂದ ಒಂದು ತೆಗೆಯಿರಿ. ಬಾಯಲ್ಲಿ ಬೇಟೆಯಿದ್ದರೆ ಅದನ್ನೂ ಬಿಡಬೇಡಿ. ಊರು, ತಾರೀಖು ಬರೆದಿಡಿ. ಜಾತಿ ಗೊತ್ತಾಗದಿದ್ದರೆ ‘ದರೋಡೆ ನೊಣ’ ಎಂದಷ್ಟೇ ಬರೆಯಿರಿ, ಸಾಕು.