ವೇಗಕ್ಕೆ ಮಿತವ್ಯಯ ಕಲಿಸಿದ ಪಾಠ

ಸ್ಪೋರ್ಟ್ಸ್ ಕಾರನ್ನು ಕೊಳ್ಳಹೊರಟವನು ‘ಲೀಟರಿಗೆ ಎಷ್ಟು ಕೊಡುತ್ತದೆ?’ ಎಂದು ಕೇಳಿದರೆ ಸುತ್ತಲಿನವರು ಮುಗುಳ್ನಗುವುದುಂಟು. ಆನೆ ಸಾಕುವವನು ಮೇವಿನ ಲೆಕ್ಕ ಹಾಕಬಾರದೆಂಬ ಭಾವ ಆ ನಗೆಯ ಹಿಂದಿರುತ್ತದೆ. ವೇಗವು ಐಶ್ವರ್ಯದ ವಿಲಾಸ, ಮಿತವ್ಯಯವು ಬಡತನದ ಶಿಸ್ತು, ಇವೆರಡೂ ಒಂದೇ ಯಂತ್ರದಲ್ಲಿ ಕೂಡಿ ಬಾಳಲಾರವು ಎಂಬ ನಂಬಿಕೆ ಮೇಲ್ನೋಟಕ್ಕೆ ಸಹಜವಾಗಿಯೇ ತೋರುತ್ತದೆ. ಆದರೆ ಕಳೆದ ಆರೇಳು ದಶಕಗಳ ಮೋಟಾರು ಚರಿತ್ರೆಯನ್ನು ಸಾವಧಾನವಾಗಿ ಅವಲೋಕಿಸಿದವನಿಗೆ, ಅತಿವೇಗದ ಕಾರುಗಳ ಸದ್ಗುಣಗಳಲ್ಲಿ ಎಷ್ಟೋ ಇಂಧನದ ಅಭಾವದಿಂದ, ಇಲ್ಲವೆ ಇಂಧನದ ಮೇಲೆ ಹೇರಿದ ನಿರ್ಬಂಧದಿಂದಲೇ ಹುಟ್ಟಿದವೆಂಬುದು ಗೋಚರಿಸದೆ ಇರದು.

ಈ ಚರಿತ್ರೆಯ ಮೊದಲಲ್ಲಿ ನಿಲ್ಲುವವರು ಇಂಗ್ಲೆಂಡಿನ ಕಾಲಿನ್ ಚಾಪ್ಮನ್ನರು. ಲೋಟಸ್ ಸಂಸ್ಥೆಯ ಸ್ಥಾಪಕರಾದ ಇವರು, ಬಲವನ್ನು ಹೆಚ್ಚಿಸುವುದಕ್ಕಿಂತ ಭಾರವನ್ನು ಇಳಿಸುವುದೇ ಮೇಲೆಂಬ ಸಿದ್ಧಾಂತವನ್ನು ವ್ರತದಂತೆ ಪಾಲಿಸಿದವರು. 1957ರ ಲಂಡನ್ ಮೋಟಾರು ಪ್ರದರ್ಶನದಲ್ಲಿ ಅವರು ಜನರ ಮುಂದಿರಿಸಿದ ‘ಎಲೀಟ್’ ಕಾರಿಗೆ ಉಕ್ಕಿನ ಚೌಕಟ್ಟೇ ಇರಲಿಲ್ಲ. ಗಾಜಿನ ನಾರಿನ ಒಡಲೇ ಅದರ ಅಸ್ಥಿಪಂಜರವೂ ಆಗಿದ್ದಿತು. ತೂಕವೋ, ಸುಮಾರು 500 ಕಿಲೋ. ಒಳಗಿದ್ದ ಕಾವೆಂಟ್ರಿ ಕ್ಲೈಮ್ಯಾಕ್ಸ್ ಇಂಜಿನ್, ಬೆಂಕಿ ಆರಿಸುವ ಪಂಪಿಗಾಗಿ ಹಗುರವಾಗಿ ರಚಿತವಾದ ವಂಶದ್ದು. ಅದರ ಗಾತ್ರ 1216 ಸಿ.ಸಿ., ಬಲ ಸುಮಾರು 75 ಅಶ್ವಶಕ್ತಿ. ಇಷ್ಟು ಅಲ್ಪಬಲದ ಕಾರು 1960ರಲ್ಲಿ ‘ದಿ ಮೋಟಾರ್’ ಪತ್ರಿಕೆಯವರ ಪರೀಕ್ಷೆಯಲ್ಲಿ ಗಂಟೆಗೆ 180 ಕಿಲೋಮೀಟರಿನ ವೇಗವನ್ನು ಮುಟ್ಟಿದುದಲ್ಲದೆ, ಲೀಟರಿಗೆ ಹದಿನಾಲ್ಕು ಕಿಲೋಮೀಟರಿಗೂ ಮಿಕ್ಕಿ ಓಡಿತು.

ಇದಕ್ಕೆ ಹಗುರತನವೊಂದೇ ಕಾರಣವಲ್ಲ. ವೃತ್ತಿಯಿಂದ ಲೆಕ್ಕಪರಿಶೋಧಕರಾಗಿದ್ದ ಪೀಟರ್ ಕರ್ವನ್-ಟೇಲರ್ ಅವರು ಕಲ್ಪಿಸಿದ ಆ ದೇಹವನ್ನು, ವಿಮಾನಶಾಸ್ತ್ರವನ್ನು ಬಲ್ಲ ಫ್ರಾಂಕ್ ಕಾಸ್ಟಿನ್ನರು ಗಾಳಿ ಜಾರಿಹೋಗುವಂತೆ ತಿದ್ದಿದ್ದರು. ಗಾಳಿಯನ್ನು ಸೀಳಲು ಬೇಕಾಗುವ ಬಲ ವೇಗದ ವರ್ಗಕ್ಕನುಸಾರವಾಗಿಯೂ, ಇಂಜಿನ್ ಅದಕ್ಕಾಗಿ ಒದಗಿಸಬೇಕಾದ ಶಕ್ತಿ ವೇಗದ ಘನಕ್ಕನುಸಾರವಾಗಿಯೂ ಏರುವುದರಿಂದ, ವೇಗವನ್ನು ಇಮ್ಮಡಿಸಬೇಕಾದರೆ ಶಕ್ತಿಯನ್ನು ಎಂಟು ಮಡಿ ಮಾಡಬೇಕು. ಆದುದರಿಂದ ಗಾಳಿಯ ಪ್ರತಿರೋಧವನ್ನು ಒಂದಂಶ ತಗ್ಗಿಸಿದವನು ಏಕಕಾಲದಲ್ಲಿ ವೇಗವನ್ನೂ ಇಂಧನವನ್ನೂ ಗಳಿಸಿದಂತಾಯಿತು. ಎಲೀಟ್ ಕಾರಿನ ಪ್ರತಿರೋಧಾಂಕ 0.29, ಅಂದಿನ ಕಾಲಕ್ಕೆ ಅದು ಬೆರಗಿನ ಅಂಕಿ. ಫ್ರಾನ್ಸಿನ ಲ ಮಾನ್ಸ್ ನಗರದ 24 ಗಂಟೆಗಳ ಓಟದಲ್ಲಿ, ಸುಟ್ಟ ಇಂಧನಕ್ಕೆ ಪ್ರತಿಯಾಗಿ ಸಾಧಿಸಿದ ಕಾರ್ಯವನ್ನು ಅಳೆದು ಕೊಡುತ್ತಿದ್ದ ಉಷ್ಣದಕ್ಷತೆಯ ಬಹುಮಾನವು 1962ರಲ್ಲಿ ಡೇವಿಡ್ ಹಾಬ್ಸ್ ಮತ್ತು ಫ್ರಾಂಕ್ ಗಾರ್ಡ್ನರ್ ನಡೆಸಿದ ಎಲೀಟ್ ಕಾರಿಗೆ ದೊರೆಯಿತು.

ಆದರೂ ಪೆಟ್ರೋಲು ಅಗ್ಗವಾಗಿದ್ದಷ್ಟು ಕಾಲ ಈ ಪಾಠವು ಕೆಲವರ ಹವ್ಯಾಸವಾಗಿ ಉಳಿಯಿತೇ ಹೊರತು ಉದ್ಯಮದ ಧರ್ಮವಾಗಲಿಲ್ಲ. 1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲದ ರವಾನೆಯನ್ನು ತಡೆದವು. ಕೆಲವೇ ತಿಂಗಳುಗಳಲ್ಲಿ ಕಚ್ಚಾತೈಲದ ಬೆಲೆ ಸುಮಾರು ನಾಲ್ಕು ಮಡಿಯಾಯಿತು. ಪಶ್ಚಿಮ ಜರ್ಮನಿಯಲ್ಲಿ ಕಾರು ಹೊರಡಿಸಬಾರದ ಭಾನುವಾರಗಳು ಬಂದವು. ಅದಕ್ಕೆ ತುಸು ಮುನ್ನ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಕಾಣಿಸಿಕೊಂಡ ಬಿ.ಎಂ.ಡಬ್ಲ್ಯು. 2002 ಟರ್ಬೊ, ಎರಡು ಲೀಟರಿನ ಇಂಜಿನಿನಿಂದ 170 ಅಶ್ವಶಕ್ತಿ ತೆಗೆದರೂ, ಕೇವಲ 1,672 ಕಾರುಗಳಿಗೆ ಮುಗಿದುಹೋಯಿತು. ಅಮೆರಿಕದ ಅವಸ್ಥೆ ಇನ್ನೂ ಶೋಚನೀಯ. ಹೊಗೆಯ ನಿಯಮಗಳೂ ಇಂಧನದ ಚಿಂತೆಯೂ ಒಟ್ಟಿಗೆ ಎರಗಿದಾಗ, ಅಲ್ಲಿನ ಹೆಮ್ಮೆಯ ಕಾರ್ವೆಟ್ ಕಾರಿನ 5.7 ಲೀಟರಿನ ಮೂಲ ಇಂಜಿನ್ 1975ರಲ್ಲಿ 165 ಅಶ್ವಶಕ್ತಿಗೆ ಇಳಿದಿತ್ತು. ಇಂಜಿನನ್ನು ಕುಗ್ಗಿಸದೆ ಅದರ ಕತ್ತು ಹಿಸುಕಿದ ಈ ಉಪಾಯದಿಂದ ವೇಗವೂ ದಕ್ಕಲಿಲ್ಲ, ಮಿತವ್ಯಯವೂ ದಕ್ಕಲಿಲ್ಲ.

ನಿಜವಾದ ಪರಿಹಾರ ಬಂದುದು ಪಂದ್ಯದ ಬಯಲಿನಿಂದ. 1982ರಲ್ಲಿ ಜಾರಿಗೆ ಬಂದ ‘ಗ್ರೂಪ್ ಸಿ’ ಎಂಬ ನಿಯಮಾವಳಿಯು ಇಂಜಿನಿನ ಗಾತ್ರಕ್ಕೆ ಮಿತಿಯನ್ನು ಹಾಕದೆ, ಇಂಧನಕ್ಕೆ ಮಾತ್ರ ಮಿತಿಯನ್ನು ಹಾಕಿತು: ಸಾವಿರ ಕಿಲೋಮೀಟರಿಗೆ 600 ಲೀಟರು, ಟ್ಯಾಂಕಿನ ಹಿಡಿತ 100 ಲೀಟರು. ಲೀಟರಿಗೆ ಎರಡು ಕಿಲೋಮೀಟರೂ ಇಲ್ಲದ ಈ ಅಳತೆ ಸಾಮಾನ್ಯನಿಗೆ ದುಂದಾಗಿ ಕಂಡೀತು. ಆದರೆ ಗಂಟೆಗೆ ಇನ್ನೂರು ಕಿಲೋಮೀಟರನ್ನು ಮೀರಿದ ಸರಾಸರಿಯಲ್ಲಿ ಹಗಲಿರುಳು ಓಡಬೇಕಾದವನಿಗೆ ಅದು ಕಠಿಣವಾದ ಉಪವಾಸವೇ ಸರಿ. ಆ ವರ್ಷ ಲ ಮಾನ್ಸ್‌ನಲ್ಲಿ ಪೋರ್ಷೆ ಸಂಸ್ಥೆಯ 956 ಕಾರುಗಳು ಮೊದಲ ಮೂರು ಸ್ಥಾನಗಳನ್ನೂ ಪಡೆದವು. ಕೇವಲ 2.65 ಲೀಟರಿನ, ಎರಡು ಟರ್ಬೊಗಳ ಇಂಜಿನ್ ಅವುಗಳದು. ಬಾಷ್ ಸಂಸ್ಥೆಯ ‘ಮೋಟ್ರಾನಿಕ್’ ಎಂಬ, ಇಂಧನದ ಸಿಂಪರಣೆಯನ್ನೂ ಕಿಡಿಯ ಕ್ಷಣವನ್ನೂ ಒಂದೇ ಗಣಕದಿಂದ ಆಳುವ ವ್ಯವಸ್ಥೆಯು, ಈ ಕಾರುಗಳಲ್ಲಿ ಪಂದ್ಯದ ಬೇಗೆಯನ್ನು ಉಂಡು ಪಕ್ವವಾಯಿತು.

1985ರಲ್ಲಿ ನಿಯಮಕರ್ತರು ಆ 600 ಲೀಟರನ್ನು 510ಕ್ಕೆ ಇಳಿಸಿದರು. ಆ ವರ್ಷ ಲ ಮಾನ್ಸ್‌ನಲ್ಲಿ ಪೋರ್ಷೆ ಕಾರ್ಖಾನೆಯ ಹೊಸ 962 ಕಾರುಗಳನ್ನು ಸೋಲಿಸಿದುದು, ಯೋಸ್ಟ್ ಎಂಬ ಖಾಸಗಿ ತಂಡದ ಹಳೆಯ 956. ಹಿಂದಿನ ವರ್ಷ ಗೆದ್ದಿದ್ದ ಅದೇ ಕಾರು. ಓಟದ ಆರಂಭದ ಹೊತ್ತಿನಲ್ಲಿ ಅದೂ, ರಿಚರ್ಡ್ ಲಾಯ್ಡ್ ಅವರ ತಂಡದ ಇನ್ನೊಂದು 956 ಕಾರೂ, ಒಂದರ ಬೆನ್ನಿಗೆ ಒಂದು ಅಂಟಿದಂತೆ ಓಡಿ, ಮುಂದಿನದು ಸೀಳಿದ ಗಾಳಿಯ ಮರೆಯಲ್ಲಿ ಹಿಂದಿನದು ಇಂಧನವನ್ನು ಉಳಿಸಿಕೊಳ್ಳುತ್ತ, ಸರದಿಯ ಮೇಲೆ ಸ್ಥಾನ ಬದಲಿಸಿಕೊಂಡವು. ಮರುದಿನ ಅವೆರಡೇ ಮೊದಲನೆಯ ಮತ್ತು ಎರಡನೆಯ ಸ್ಥಾನಗಳಲ್ಲಿ ಗುರಿ ಸೇರಿದವು. ಉಳಿಸಿದ ಇಂಧನವೇ ಕೂಡಿಟ್ಟ ವೇಗವೆಂಬ ಮಾತಿಗೆ ಇದಕ್ಕಿಂತ ಸ್ಫುಟವಾದ ನಿದರ್ಶನ ದೊರೆಯುವುದು ಕಷ್ಟ. ಅದೇ ಓಟವನ್ನು 2006ರಲ್ಲಿ ಆಡಿ ಸಂಸ್ಥೆಯ ಡೀಸೆಲ್ ಕಾರೂ, 2012ರಲ್ಲಿ ಅದೇ ಸಂಸ್ಥೆಯ ಹೈಬ್ರಿಡ್ ಕಾರೂ ಮೊಟ್ಟಮೊದಲ ಬಾರಿಗೆ ಗೆದ್ದುದು ಈ ತತ್ತ್ವದ ಮುಂದುವರಿಕೆ.

ಇಷ್ಟರಲ್ಲಿ ರಸ್ತೆಯ ಕಾರುಗಳೂ ಪಾಠ ಕಲಿತಿದ್ದವು. 1997ರ ಕಾರ್ವೆಟ್ ಕಾರಿನ ಇಂಜಿನ್ ಮತ್ತೆ 5.7 ಲೀಟರಿನದೇ, ಬಲ ಮಾತ್ರ 345 ಅಶ್ವಶಕ್ತಿ. ಪ್ರತಿರೋಧಾಂಕವೋ, ನಲವತ್ತು ವರ್ಷ ಹಿಂದಿನ ಎಲೀಟ್ ಕಾರಿನದೇ 0.29. ಆರು ಗೇರುಗಳ ಪೆಟ್ಟಿಗೆಯನ್ನು ಆರಿಸಿಕೊಂಡರೆ, ಕೊನೆಯ ಗೇರಿನಲ್ಲಿ ಇಂಜಿನ್ ಒಂದು ಸುತ್ತು ಸುತ್ತುವಷ್ಟರಲ್ಲಿ ಹೊರದಂಡ ಎರಡು ಸುತ್ತು ಸುತ್ತುತ್ತಿದ್ದುದರಿಂದ, ಹೆದ್ದಾರಿಯಲ್ಲಿ ಆ ದೈತ್ಯ ಇಂಜಿನ್ ಅರೆನಿದ್ರೆಯಲ್ಲಿದ್ದಂತೆ ನಡೆಯುತ್ತಿತ್ತು. ಅಮೆರಿಕ ಸರ್ಕಾರದ ಹೆದ್ದಾರಿ ಅಳತೆಯಲ್ಲಿ ಲೀಟರಿಗೆ ಸುಮಾರು ಹನ್ನೆರಡು ಕಿಲೋಮೀಟರು. ಹೆಚ್ಚು ಇಂಧನ ಕುಡಿಯುವ ಕಾರುಗಳ ಮೇಲಿನ ವಿಶೇಷ ತೆರಿಗೆಯಿಂದ ಪಾರಾಗಲು, ಮೆಲ್ಲಗೆ ನಡೆಸುವಾಗ ಗೇರುಕಡ್ಡಿಯನ್ನು ಒಂದರಿಂದ ನೇರವಾಗಿ ನಾಲ್ಕಕ್ಕೆ ತಳ್ಳುವ ಒಂದು ಯುಕ್ತಿಯನ್ನೂ ಅದರಲ್ಲಿ ಅಳವಡಿಸಿದ್ದರು. ಜಪಾನಿನ ಮಾಜ್ದಾ ಸಂಸ್ಥೆಯು 1989ರಲ್ಲಿ ಷಿಕಾಗೋದಲ್ಲಿ ಅನಾವರಣಗೊಳಿಸಿದ ಪುಟ್ಟ ಮಿಯಾಟಾ ಚಾಪ್ಮನ್ನರ ದಾರಿಯನ್ನೇ ಹಿಡಿದಿತ್ತು, 1.6 ಲೀಟರಿನ ಇಂಜಿನ್, ಒಂದು ಟನ್ನಿಗೂ ಕಡಿಮೆ ತೂಕ. 2015ರಲ್ಲಿ ಪೋರ್ಷೆ 911 ಕರೇರಾ ಕಾರಿನ ಇಂಜಿನ್ 3.4 ಲೀಟರಿನಿಂದ 3 ಲೀಟರಿಗೆ ಕುಗ್ಗಿ, ಟರ್ಬೊ ಧರಿಸಿ, 350ರಿಂದ 370 ಅಶ್ವಶಕ್ತಿಗೆ ಏರಿತು. ಇಂಧನದ ಖರ್ಚು ಇಳಿಯಿತು.

ಹೀಗೆ ಬಂದ ಪರಂಪರೆಯಿಂದ ಇಂದು ಕಾರನ್ನು ಆರಿಸುವವನು ಕಲಿಯಬೇಕಾದುದೇನು? ತಾನು ಎಲ್ಲಿ ಓಡಿಸುವವನೆಂಬುದನ್ನು ಅವನು ಮೊದಲು ನಿಶ್ಚಯಿಸಿಕೊಳ್ಳಬೇಕು. ನಗರದಲ್ಲಿ ಹೆಜ್ಜೆಹೆಜ್ಜೆಗೂ ನಿಂತು ಹೊರಡುವವನಿಗೆ ತೂಕವೇ ಶತ್ರು. ಗಳಿಸಿದ ವೇಗವೆಲ್ಲ ಬ್ರೇಕಿನಲ್ಲಿ ಬಿಸಿಯಾಗಿ ಕಳೆದುಹೋಗುವುದರಿಂದ, ಅಂಥವನಿಗೆ ಹಗುರವಾದ ಕಾರೋ, ಆ ಶಕ್ತಿಯನ್ನು ಬ್ಯಾಟರಿಗೆ ಮರಳಿಸುವ ಹೈಬ್ರಿಡ್ಡೋ ಹಿತ. ಹೆದ್ದಾರಿಯ ದೂರಪ್ರಯಾಣಿಕನಿಗೆ ಗಾಳಿಯೇ ಶತ್ರು. ಅವನು ದೇಹದ ರೂಪವನ್ನೂ ಕೊನೆಯ ಗೇರಿನ ಉದ್ದವನ್ನೂ ವಿಚಾರಿಸಲಿ, ಅಲ್ಲಿ ಬ್ಯಾಟರಿ ಬಹುಮಟ್ಟಿಗೆ ಹೊರೆಯಾದೀತು. ಟರ್ಬೊ ಇರುವ ಚಿಕ್ಕ ಇಂಜಿನ್ ಮೃದುವಾದ ಕಾಲಿಗೆ ಮಿತಾಹಾರಿ. ಸದಾ ಒತ್ತಿಹಿಡಿದರೆ, ಒಳಗಿನ ಬೇಗೆಯನ್ನು ತಣಿಸಲಿಕ್ಕೇ ಹೆಚ್ಚು ಪೆಟ್ರೋಲು ಸುರಿಯಬೇಕಾಗಿ ಬರುವುದುಂಟು. ಅಗಲವಾದ ಟೈರುಗಳು ನೋಟಕ್ಕೆ ಚೆಂದ, ಲೆಕ್ಕಕ್ಕೆ ಭಾರ.

ಆದುದರಿಂದ ಮಾರಾಟಗಾರನು ಅಶ್ವಶಕ್ತಿಯ ಅಂಕಿಯನ್ನು ಮೊದಲು ಹೇಳಿದರೂ, ಕೊಳ್ಳುವವನು ಅದನ್ನು ಕೊನೆಗೆ ಕೇಳುವುದು ಲೇಸು; ಮೊದಲು ತೂಕ, ಆಮೇಲೆ ರೂಪ, ಅನಂತರ ಗೇರು, ಇವುಗಳ ಲೆಕ್ಕ ಸರಿಹೋದ ಮೇಲೆ ಬಲವೆಷ್ಟಿದ್ದರೆ ಸಾಕೆಂಬುದು ತಾನಾಗಿಯೇ ತಿಳಿದುಬರುತ್ತದೆ, ಮತ್ತು ಅದು ಸಾಮಾನ್ಯವಾಗಿ ಅವನು ಮೊದಲು ಬಯಸಿದ್ದಕ್ಕಿಂತ ಕಡಿಮೆಯೇ ಆಗಿರುತ್ತದೆ.