ಬೂಸ್ಟರ್ ಕೊಳ್ಳುವ ಮುನ್ನ ಒಮ್ಮೆ ಟೆರೇಸ್ ಹತ್ತಿ

'ನೀವು ಕರೆ ಮಾಡಿರುವ ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ.' ಮಕ್ಕಳನ್ನು ಹೊರರಾಜ್ಯಕ್ಕೆ ಕಳಿಸಿದ ತಂದೆ–ತಾಯಿಯರಿಗೆ ಅಪರಾತ್ರಿಯಲ್ಲಿ ಈ ಮಾತು ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಮಗ ಯಾವ ಕಾಡಿನಲ್ಲೂ ಇಲ್ಲ, ಮಹಾನಗರದ ನಟ್ಟನಡುವೆ ತನ್ನ ಮನೆಯ ಮಲಗುವ ಕೋಣೆಯಲ್ಲೇ ಇದ್ದಾನೆ ಎಂದು ಅವರಿಗೆ ಹೇಗೆ ತಿಳಿಯಬೇಕು?

ನಾನಿರುವುದು ಚೆನ್ನೈನ ಕೋಯಂಬೇಡಿನಲ್ಲಿ. 1996ರಿಂದ ಇಲ್ಲಿ ಹಣ್ಣು, ತರಕಾರಿ, ಹೂವಿನ ಸಗಟು ಮಾರುಕಟ್ಟೆ ಇದೆ. ಕೋಲಾರದ ಕಡೆಯ ಟೊಮೆಟೊ ಲಾರಿಗಳೂ ಇಲ್ಲಿಗೆ ಬರುತ್ತವೆ. 2002ರಲ್ಲಿ ಮಫಸಲ್ ಬಸ್ ನಿಲ್ದಾಣ ಬಂತು. ಚೆನ್ನೈನ ಮೊದಲ ಮೆಟ್ರೊ ಸಂಚಾರ 2015ರ ಜೂನ್ 29ರಂದು ಆರಂಭವಾದದ್ದೂ ಕೋಯಂಬೇಡು–ಆಲಂದೂರು ನಡುವೆಯೇ. ಇಷ್ಟು ಜನ ಓಡಾಡುವ ಕಡೆ ಟವರುಗಳಿಗೆ ಬರವಿಲ್ಲ. ಆದರೂ ನಮ್ಮ ಅಪಾರ್ಟ್‌ಮೆಂಟಿನ ಒಳಕೋಣೆಗೆ ಕಾಲಿಟ್ಟರೆ ಫೋನಿನ ಕಡ್ಡಿಗಳು ಒಂದೊಂದಾಗಿ ಮಾಯವಾಗುತ್ತಿದ್ದವು.

ಒಂದು ರಾತ್ರಿ ಸಕಲೇಶಪುರದ ಹತ್ತಿರದ ನಮ್ಮೂರಿನಲ್ಲಿ ಅಪ್ಪಾಜಿಗೆ ಉಸಿರಾಟದ ತೊಂದರೆಯಾಯಿತು. ಪಕ್ಕದ ಮನೆಯವರು ಜೀಪು ತೆಗೆದು ಆಸ್ಪತ್ರೆಗೆ ಸೇರಿಸಿದರು. ನನಗೆ ವಿಷಯ ಗೊತ್ತಾದದ್ದು ಬೆಳಿಗ್ಗೆ ಹಾಲು ತರಲು ಕೆಳಗಿಳಿದಾಗ. 'ಹನ್ನೊಂದು ಸಲ ಮಾಡ್ದೆ ಕಣಪ್ಪ, ಒಂದ್ಸಲನೂ ರಿಂಗೇ ಆಗ್ಲಿಲ್ಲ' ಎಂದರು ಅಮ್ಮ. ಅಪ್ಪಾಜಿ ಈಗ ಚೆನ್ನಾಗಿದ್ದಾರೆ. ಆದರೆ ಸಿಗ್ನಲ್ ಇಲ್ಲ ಎಂಬುದು ಸಣ್ಣ ಕಿರಿಕಿರಿ ಅಲ್ಲ ಎಂದು ಅಂದು ಮನವರಿಕೆಯಾಯಿತು.

ಅದೇ ವಾರ ನಮ್ಮ ಸಂಘದ ಕಾರ್ಯದರ್ಶಿ ಒಂದು ಕೊಟೇಶನ್ ಹಿಡಿದುಕೊಂಡು ಬಂದರು. ಯಾವುದೋ ಅಂಗಡಿಯವರು ಟೆರೇಸ್ ಮೇಲೆ ಬೂಸ್ಟರ್ ಕೂರಿಸಿಕೊಡುತ್ತಾರಂತೆ, ಇಪ್ಪತ್ತನಾಲ್ಕು ಮನೆಗೂ 'ಫುಲ್ ಸಿಗ್ನಲ್' ಅಂತೆ. 'ತಂಬಿ, ನೀವು ಎಂಜಿನಿಯರ್ ಅಲ್ಲವಾ, ಎಲ್ಲಿ ಕಟ್ಟಬೇಕು ಹೇಳಿ' ಎಂದರು. ನಾನು ಅನ್ನ ತಿನ್ನುವುದು ಸಾಫ್ಟ್‌ವೇರ್‌ನಿಂದಲೇ ಆದರೂ ಎಂ.ಟೆಕ್‌ನಲ್ಲಿ ಓದಿದ ರೇಡಿಯೊ ಪಾಠ ಮರೆತಿರಲಿಲ್ಲ. ಕೊಳ್ಳುವುದು ಆಮೇಲೆ, ಮೊದಲು ಅಳೆಯೋಣ ಎಂದೆ.

ಕಡ್ಡಿ ಬಿಡಿ, ಸಂಖ್ಯೆ ನೋಡಿ

ಫೋನಿನ ಕಡ್ಡಿಗಳನ್ನು ನಂಬಿ ಯಾವ ತೀರ್ಮಾನಕ್ಕೂ ಬರಬಾರದು. ಒಂದೊಂದು ಕಂಪನಿಯ ಫೋನ್ ಒಂದೊಂದು ಲೆಕ್ಕದಲ್ಲಿ ಅವನ್ನು ತೋರಿಸುತ್ತದೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ 'ಅಬೌಟ್ ಫೋನ್' ಒಳಗಿನ 'ಸಿಮ್ ಸ್ಟೇಟಸ್' ತೆರೆದರೆ ಸಿಗ್ನಲ್ ಬಲ ಡಿಬಿಎಂ ಎಂಬ ಅಳತೆಯಲ್ಲಿ ಕಾಣುತ್ತದೆ. ಐಫೋನ್‌ನಲ್ಲಿ *3001#12345#* ಡಯಲ್ ಮಾಡಿದರೆ ಫೀಲ್ಡ್ ಟೆಸ್ಟ್ ಪುಟ ಬರುತ್ತದೆ. ಸಂಖ್ಯೆ ಮೈನಸ್‌ನಲ್ಲಿರುತ್ತದೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. 4ಜಿಯಲ್ಲಿ ಮೈನಸ್ 80ರ ಆಸುಪಾಸು ಇದ್ದರೆ ಉತ್ತಮ, ಮೈನಸ್ 110 ದಾಟಿದರೆ ಮಾತು ತುಂಡಾಗತೊಡಗುತ್ತದೆ, ಮೈನಸ್ 120ರ ಹತ್ತಿರ ಫೋನ್ ಕೈಚೆಲ್ಲುತ್ತದೆ.

ನಮ್ಮ ಕಟ್ಟಡದಲ್ಲಿ ಸಿಕ್ಕ ಸಂಖ್ಯೆಗಳಿವು. ಟೆರೇಸ್ ಮೇಲೆ ಮೈನಸ್ 72, ಎರಡನೇ ಮಹಡಿಯ ನನ್ನ ಹಾಲ್‌ನಲ್ಲಿ ಮೈನಸ್ 97, ಒಳಕೋಣೆಯಲ್ಲಿ ಮೈನಸ್ 118. ಹತ್ತು ಡೆಸಿಬೆಲ್ ಇಳಿದರೆ ಬಲ ಹತ್ತರಲ್ಲಿ ಒಂದು ಪಾಲಾಗುತ್ತದೆ. ಆ ಲೆಕ್ಕದಲ್ಲಿ ಟೆರೇಸ್‌ಗೂ ನನ್ನ ಮಂಚಕ್ಕೂ ನಡುವೆ ಸಿಗ್ನಲ್ ಸುಮಾರು 40 ಸಾವಿರ ಪಟ್ಟು ಬಡವಾಗಿತ್ತು. ಕಾರಣ ಟವರ್ ಅಲ್ಲ, ನಡುವಿನ ಕಾಂಕ್ರೀಟ್, ಕಬ್ಬಿಣದ ಸರಳು ಮತ್ತು ಒತ್ತಿಕೊಂಡು ನಿಂತಿರುವ ಪಕ್ಕದ ಕಟ್ಟಡದ ಗೋಡೆ. 700, 900 ಮೆಗಾಹರ್ಟ್ಸ್‌ನಂಥ ಕೆಳಗಿನ ತರಂಗಾಂತರಗಳು ಗೋಡೆಯನ್ನು ಒಂದಿಷ್ಟು ತೂರಿಕೊಂಡು ಬರುತ್ತವೆ. 2300 ಮೆಗಾಹರ್ಟ್ಸ್‌ನ 4ಜಿ, 3300 ಮೆಗಾಹರ್ಟ್ಸ್ ಮೇಲಿನ 5ಜಿ ಅಲ್ಲೇ ಸೋತು ಕೂರುತ್ತವೆ. ಸಿಗ್ನಲ್ ಕ್ಷೀಣವಾದಂತೆ ಟವರಿಗೆ ಕೇಳಿಸಲೆಂದು ಫೋನ್ ಜೋರಾಗಿ ಕೂಗಬೇಕಾಗುತ್ತದೆ. ಒಳಕೋಣೆಯಲ್ಲಿ ಬ್ಯಾಟರಿ ಬೇಗ ಖಾಲಿಯಾಗುವುದು ಅದಕ್ಕೇ.

ಇನ್ನೊಂದು ಕಾಯಿಲೆಯೂ ಇದೆ, ಲಕ್ಷಣ ಮಾತ್ರ ಒಂದೇ ಥರ. ಮಾರುಕಟ್ಟೆಯ ಬೆಳಗಿನ ವ್ಯಾಪಾರದ ಹೊತ್ತಿನಲ್ಲೋ ಪೊಂಗಲ್ ಹಿಂದಿನ ಸಂಜೆ ಬಸ್ ನಿಲ್ದಾಣದಲ್ಲೋ ಫೋನ್ ತೆಗೆದು ನೋಡಿ. ಕಡ್ಡಿಗಳೆಲ್ಲ ತುಂಬಿರುತ್ತವೆ, ಹಣ ಕಳಿಸುವ ಆ್ಯಪ್ ಮಾತ್ರ ತಿರುಗುತ್ತಲೇ ಇರುತ್ತದೆ. ಅಲ್ಲಿ ಸಿಗ್ನಲ್ ಕಡಿಮೆಯಾಗಿಲ್ಲ, ಟವರ್ ಮುಂದೆ ಸಾಲು ಉದ್ದವಾಗಿದೆ. ಇದಕ್ಕೆ ಯಾವ ರಿಪೀಟರೂ ಮದ್ದಲ್ಲ, ಟವರಿನ ಸಾಮರ್ಥ್ಯವೇ ಹೆಚ್ಚಬೇಕು. ನಿಮ್ಮ ಮನೆಯದು ಯಾವ ಕಾಯಿಲೆ ಎಂದು ತಿಳಿಯಲು ಮಧ್ಯರಾತ್ರಿ ಒಮ್ಮೆ, ಸಂಜೆ ಒಮ್ಮೆ ಅಳೆದು ನೋಡಿ. ರಾತ್ರಿ ಸರಾಗ, ಸಂಜೆ ಪರದಾಟ ಎಂದಾದರೆ ಅದು ಸಾಲಿನ ಸಮಸ್ಯೆ. ಎರಡೂ ಹೊತ್ತು ಸಂಖ್ಯೆ ಕೆಟ್ಟದಾಗಿದ್ದರೆ ಗೋಡೆಯ ಸಮಸ್ಯೆ.

ರಿಪೀಟರ್ ಮಾಡುವುದೇನು?

ಹೆಸರೇ ಹೇಳುವಂತೆ ಅದು ಕೇಳಿದ್ದನ್ನು ಮತ್ತೆ ಹೇಳುವ ಯಂತ್ರ. ಟೆರೇಸ್ ಮೇಲೊಂದು ಆಂಟೆನಾ ಟವರ್ ಕಡೆ ಮುಖ ಮಾಡಿ ಸಿಗ್ನಲ್ ಹಿಡಿಯುತ್ತದೆ. ಕೇಬಲ್ ಮೂಲಕ ಅದು ಆಂಪ್ಲಿಫೈಯರ್‌ಗೆ ಇಳಿದು, ಬಲಗೊಂಡು, ಮನೆಯೊಳಗಿನ ಇನ್ನೊಂದು ಆಂಟೆನಾದಿಂದ ಹರಡುತ್ತದೆ. ಫೋನಿನ ಉತ್ತರ ಇದೇ ದಾರಿಯಲ್ಲಿ ಮೇಲಕ್ಕೆ ಹೋಗುತ್ತದೆ. ಬಾವಿಯಲ್ಲಿ ನೀರಿದ್ದರೆ ತಾನೇ ಬಿಂದಿಗೆ ತುಂಬುವುದು? ಟೆರೇಸ್ ಮೇಲೇ ಸಿಗ್ನಲ್ ಇಲ್ಲದಿದ್ದರೆ ರಿಪೀಟರ್ ಬರೀ ಗದ್ದಲವನ್ನು ದೊಡ್ಡದು ಮಾಡುತ್ತದೆ.

ಕನ್ನಡ ಸಂಘದ ರಾಜ್ಯೋತ್ಸವಗಳಲ್ಲಿ ಮೈಕ್ ಹಿಡಿದವರು ಸ್ಪೀಕರ್ ಮುಂದೆ ಹೋದೊಡನೆ 'ಕುಂಯ್' ಎಂದು ಕಿವಿ ಕೊರೆಯುವುದನ್ನು ನಾವೆಲ್ಲ ಅನುಭವಿಸಿದ್ದೇವೆ. ರಿಪೀಟರ್‌ಗೂ ಅದೇ ಗತಿ. ಒಳಗಿನ ಆಂಟೆನಾದ ಸಿಗ್ನಲ್ ಹೊರಗಿನ ಆಂಟೆನಾಕ್ಕೆ ತಲುಪಿದರೆ ಯಂತ್ರ ತನ್ನ ದನಿಯನ್ನೇ ತಾನು ಕೇಳಿ ಮತ್ತೆ ಮತ್ತೆ ಕೂಗುತ್ತದೆ. 70 ಡೆಸಿಬೆಲ್ ವರ್ಧನೆ ಎಂದರೆ ಒಂದು ಕೋಟಿ ಪಟ್ಟು. ಅಂಥ ಯಂತ್ರಕ್ಕೆ ಎರಡು ಆಂಟೆನಾಗಳ ನಡುವೆ ಅದಕ್ಕಿಂತ ಸುಮಾರು 15 ಡೆಸಿಬೆಲ್ ಹೆಚ್ಚಿನ, ಅಂದರೆ 85 ಡೆಸಿಬೆಲ್‌ನಷ್ಟು ತಡೆ ಇರಬೇಕು. ಹಾಗಿಲ್ಲದೆ ಕೂರಿಸಿದ ಅಗ್ಗದ ಬೂಸ್ಟರಿನ ಕೂಗು ನಮ್ಮ ಕಿವಿಗೆ ಕೇಳಿಸುವುದಿಲ್ಲ. ಆದರೆ ಟವರಿಗೆ ಕೇಳಿಸುತ್ತದೆ. ನೂರಾರು ಮನೆಗಳ ಫೋನುಗಳ ಪಿಸುಮಾತು ಆಲಿಸುತ್ತಿರುವ ಟವರಿನ ಕಿವಿಯ ಪಕ್ಕ ತುತ್ತೂರಿ ಊದಿದ ಹಾಗೆ. ನಮ್ಮ ಮನೆಯಲ್ಲಿ ಕಡ್ಡಿಗಳು ತುಂಬಿದ ಹೊತ್ತಿನಲ್ಲಿ ಮುಂದಿನ ಬೀದಿಯ ಯಾರೋ 108ಕ್ಕೆ ಮಾಡಿದ ಕರೆ ಕಡಿದುಹೋಗಬಹುದು.

ಕಾನೂನು ಏನು ಹೇಳುತ್ತದೆ?

ಕಾನೂನು ಬಿಗಿಯಾಗಿರುವುದು ಇದಕ್ಕೇ. ಮೊಬೈಲ್ ತರಂಗಾಂತರಗಳನ್ನು ಕಂಪನಿಗಳು ಹರಾಜಿನಲ್ಲಿ ಹಣ ಕೊಟ್ಟು ಪಡೆದಿರುತ್ತವೆ. ಪರವಾನಗಿಯಿಲ್ಲದೆ ರೇಡಿಯೊ ಉಪಕರಣ ಇಟ್ಟುಕೊಳ್ಳುವುದನ್ನೇ 1933ರ ಭಾರತೀಯ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ನಿಷೇಧಿಸಿತ್ತು. 2023ರ ದೂರಸಂಪರ್ಕ ಕಾಯ್ದೆಯೂ ಅನುಮತಿ ಬೇಕೆಂದೇ ಹೇಳುತ್ತದೆ. ದೂರಸಂಪರ್ಕ ಇಲಾಖೆ 2022ರ ಜುಲೈನಲ್ಲಿ ಸಾರ್ವಜನಿಕರಿಗೆ ಕೊಟ್ಟ ಸೂಚನೆ ಇನ್ನೂ ಸ್ಪಷ್ಟ. ಪರವಾನಗಿ ಪಡೆದ ಟೆಲಿಕಾಂ ಕಂಪನಿಗಳ ಹೊರತು ಬೇರೆ ಯಾರೂ ಮೊಬೈಲ್ ಬೂಸ್ಟರ್ ಅಥವಾ ರಿಪೀಟರ್ ಹೊಂದುವುದು, ಮಾರುವುದು, ಬಳಸುವುದು ಕಾನೂನುಬಾಹಿರ. ಅಂಗಡಿಯಲ್ಲಿ ಸಿಗುತ್ತದೆ, ಬಿಲ್ ಕೊಡುತ್ತಾರೆ ಎಂದ ಮಾತ್ರಕ್ಕೆ ಅದು ಸಕ್ರಮವಾಗುವುದಿಲ್ಲ. ಬಾಡಿಗೆ ಮನೆಯಲ್ಲಿರುವ ಹೊರರಾಜ್ಯದವರಾದ ನಾವಂತೂ ಇಂಥ ತಂಟೆಗೆ ಹೋಗಲೇಬಾರದು.

ಸಂಘದ ಸಭೆಯಲ್ಲಿ ಇಷ್ಟನ್ನೂ ಹೇಳಿದೆ. ಒಂದಿಬ್ಬರು ಗೊಣಗಿದರು. ಕಾರ್ಯದರ್ಶಿ ಕೊಟೇಶನ್ ಮಡಚಿ ಜೇಬಿಗಿಟ್ಟು, 'ಹಾಗಾದರೆ ಕಂಪನಿಯನ್ನೇ ಕೇಳೋಣ' ಎಂದರು.

ಕಂಪನಿಯವರು ಬಂದು ಕೂರಿಸಿದ್ದು

ಹೆಚ್ಚಿನ ಮನೆಗಳಲ್ಲಿದ್ದ ಸಿಮ್‌ನ ಕಂಪನಿಗೆ ಅಳತೆಗಳ ಪಟ್ಟಿ ಸಮೇತ ದೂರು ಕೊಟ್ಟೆವು. ದೂರಿಗೊಂದು ಡಾಕೆಟ್ ಸಂಖ್ಯೆ ಕೊಡುತ್ತಾರೆ, ಅದನ್ನು ಬರೆದಿಟ್ಟುಕೊಳ್ಳಲೇಬೇಕು. ಟ್ರಾಯ್‌ನ 2012ರ ನಿಯಮಾವಳಿ ಪ್ರಕಾರ ದೂರು ಕೇಂದ್ರದ ಉತ್ತರ ಸಮಾಧಾನ ತರದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ನಮ್ಮ ಮೊದಲ ಎರಡು ದೂರುಗಳನ್ನು ಯಾರೂ ಬಂದು ನೋಡದೆಯೇ 'ಪರಿಹರಿಸಲಾಗಿದೆ' ಎಂದು ಮುಚ್ಚಿದರು. ಮೇಲ್ಮನವಿ ಹಾಕಿದ ಮೇಲೆ ಎಂಜಿನಿಯರ್ ಬಂದರು. ಕೋಣೆ ಕೋಣೆ ಸುತ್ತಿ ತಾವೇ ಅಳೆದು, ಕೆಲವು ವಾರಗಳ ಬಳಿಕ ಕಂಪನಿಯದೇ ರಿಪೀಟರ್ ತಂದರು.

ಅವರು ಕೆಲಸ ಮಾಡಿದ ಬಗೆ ನೋಡುವಂತಿತ್ತು. ಹೊರಗಿನ ಆಂಟೆನಾವನ್ನು ಹತ್ತಿರದ ಟವರಿಗೆ ತಿರುಗಿಸಲಿಲ್ಲ. ದಟ್ಟಣೆ ಕಡಿಮೆಯಿದ್ದು ನೇರವಾಗಿ ಕಣ್ಣಿಗೆ ಬೀಳುವ ಇನ್ನೊಂದನ್ನು ಆರಿಸಿ, ಬೆರಳಿನಷ್ಟು ಅತ್ತಿತ್ತ ತಿರುಗಿಸುತ್ತ ಮೀಟರ್ ನೋಡಿ ಬಿಗಿ ಮಾಡಿದರು. ಒಳಗಿನ ಆಂಟೆನಾಗಳನ್ನು ಮೆಟ್ಟಿಲ ಬಳಿ, ಎರಡು ಕಾಂಕ್ರೀಟ್ ಚಾವಣಿಗಳ ಕೆಳಗೆ ಕೂರಿಸಿದರು. ನಮ್ಮ ಸಿಗ್ನಲ್ ತಿಂದ ಅದೇ ಚಾವಣಿ ಇಲ್ಲಿ ಎರಡು ಆಂಟೆನಾಗಳ ನಡುವಿನ ತಡೆಯಾಗಿ ಕೆಲಸಕ್ಕೆ ಬಂತು. ಬಳಿಕ ವರ್ಧನೆಯನ್ನು ಕೊನೆತನಕ ಏರಿಸದೆ, ಯಂತ್ರ ಕೂಗುವ ಮಟ್ಟಕ್ಕಿಂತ ಸಾಕಷ್ಟು ಕೆಳಗೆ ನಿಲ್ಲಿಸಿದರು. ಟವರ್ ಕಡೆ ಹೋಗುವ ದಾರಿಯ ವರ್ಧನೆಯನ್ನು ಇನ್ನೂ ಕಡಿಮೆ ಇಟ್ಟರು. ನನ್ನ ಒಳಕೋಣೆ ಮೈನಸ್ 118ರಿಂದ ಮೈನಸ್ 93ಕ್ಕೆ ಬಂತು. ಕಡ್ಡಿ ತುಂಬಲಿಲ್ಲ, ಮಾತಂತೂ ತುಂಡಾಗುವುದಿಲ್ಲ.

ಆದರೆ ಇದು ಆ ಒಂದು ಕಂಪನಿಯ ತರಂಗಾಂತರಕ್ಕೆ ಮಾತ್ರ. ಬೇರೆ ಸಿಮ್ ಇರುವ ಎಂಟು ಮನೆಗಳಿಗೆ ಏನೂ ಸಿಗಲಿಲ್ಲ. ಅವರಿಗೆ ನೆರವಾದದ್ದು ಬೇರೆ ದಾರಿ.

ಇವತ್ತೇ ಮಾಡಬಹುದಾದ ಕೆಲಸ

ಆ ದಾರಿ ವೈಫೈ ಕಾಲಿಂಗ್. ಭಾರತದಲ್ಲಿ ಏರ್‌ಟೆಲ್ ಇದನ್ನು 2019ರ ಡಿಸೆಂಬರ್‌ನಲ್ಲಿ ದೆಹಲಿ ವಲಯದಲ್ಲಿ ಶುರು ಮಾಡಿತು, 2020ರ ಜನವರಿಯಲ್ಲಿ ಜಿಯೊ ದೇಶದಾದ್ಯಂತ ತಂದಿತು. ವಾಟ್ಸ್‌ಆ್ಯಪ್ ಕರೆ ಬೇರೆ, ಇದು ಬೇರೆ. ಇಲ್ಲಿ ನಿಮ್ಮ ಮಾಮೂಲಿ ನಂಬರಿಗೆ ಬಂದ ಕರೆಯೇ ಮನೆಯ ಬ್ರಾಡ್‌ಬ್ಯಾಂಡ್ ಮೂಲಕ ಫೋನಿಗೆ ತಲುಪುತ್ತದೆ. ಊರಿನಲ್ಲಿ ಅಮ್ಮ ಕೀಪ್ಯಾಡ್ ಫೋನಿನಿಂದ ಮಾಡಿದರೂ ಇಲ್ಲಿ ರಿಂಗ್ ಆಗುತ್ತದೆ. ಸೆಟ್ಟಿಂಗ್ಸ್‌ನ ಸಿಮ್ ವಿಭಾಗದಲ್ಲಿ 'ವೈಫೈ ಕಾಲಿಂಗ್' ಆನ್ ಮಾಡಿದರೆ ಆಯಿತು. ಪರೀಕ್ಷಿಸಲು ಏರೋಪ್ಲೇನ್ ಮೋಡ್ ಹಾಕಿ, ವೈಫೈ ಮಾತ್ರ ಆನ್ ಮಾಡಿ, ಬೇರೆ ಫೋನಿನಿಂದ ಕರೆ ಮಾಡಿ ನೋಡಿ.

ಈಗ ಮನೆಯೊಳಗಿನ ವೈಫೈ ಒಳಕೋಣೆಗೆ ಮುಟ್ಟಬೇಕು. ವೈಫೈ ರಿಪೀಟರನ್ನು ನಾವೇ ಕೂರಿಸಿಕೊಳ್ಳಬಹುದು. 2.4 ಮತ್ತು 5 ಗಿಗಾಹರ್ಟ್ಸ್‌ನ ವೈಫೈ ತರಂಗಗಳಿಗೆ ನಿಗದಿತ ಶಕ್ತಿಯ ಮಿತಿಯೊಳಗೆ ಪರವಾನಗಿ ಬೇಡ. ಜನ ಸಾಮಾನ್ಯವಾಗಿ ಇದನ್ನು ಸಿಗ್ನಲ್ ಇಲ್ಲದ ಕೋಣೆಯಲ್ಲೇ ಸಿಕ್ಕಿಸುತ್ತಾರೆ. ಅಲ್ಲಿ ಅದಕ್ಕೇ ಏನೂ ಕೇಳಿಸುವುದಿಲ್ಲ, ಇನ್ನು ಹೇಳುವುದೇನನ್ನು? ರೂಟರ್‌ಗೂ ಒಳಕೋಣೆಗೂ ನಡುದಾರಿಯಲ್ಲಿ, ವೈಫೈ ಬಲ ಮೈನಸ್ 65ರ ಆಸುಪಾಸು ಇರುವಲ್ಲಿ ಇಡಿ. ಫ್ರಿಜ್, ಕಬ್ಬಿಣದ ಬೀರು, ದೊಡ್ಡ ಕನ್ನಡಿಗಳಿಂದ ದೂರವಿರಲಿ. ಕೇಳುವುದೂ ಹೇಳುವುದೂ ಒಂದೇ ರೇಡಿಯೊದಿಂದಾದರೆ ವೇಗ ಅರ್ಧಕ್ಕಿಳಿಯುತ್ತದೆ. ಕರೆಗೆ ಅದು ಸಾಕು, ಮನೆಯಿಂದ ಕೆಲಸ ಮಾಡುವವರಿಗೆ ಸಾಲದು. ಅಂಥವರು ರೂಟರ್‌ನಿಂದ ಒಂದು ಲ್ಯಾನ್ ಕೇಬಲ್ ಎಳೆದು, ರಿಪೀಟರ್ ಬದಲಿಗೆ ಆ್ಯಕ್ಸೆಸ್ ಪಾಯಿಂಟ್ ಹಾಕಿಸುವುದು ಮೇಲು. 2.4 ಗಿಗಾಹರ್ಟ್ಸ್‌ನಲ್ಲಿ 1, 6, 11ನೇ ಚಾನೆಲ್‌ಗಳು ಒಂದರ ಮೇಲೊಂದು ಬೀಳುವುದಿಲ್ಲ. ಪಕ್ಕದವರು ಬಳಸದ್ದನ್ನು ನೀವು ಆರಿಸಿಕೊಳ್ಳಿ.

ರೂಟರ್‌ಗೊಂದು ಪುಟ್ಟ ಯುಪಿಎಸ್ ಇರಲಿ. ಕರೆಂಟ್ ಹೋದರೆ ವೈಫೈ ಕರೆಯೂ ಹೋಗುತ್ತದೆ. 2023ರ ಡಿಸೆಂಬರ್‌ನ ಮಿಚಾಂಗ್ ಚಂಡಮಾರುತ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಊರಿಗೂ ಇದೇ ಮಾತು. ಕೋವಿಡ್ ದಿನಗಳಲ್ಲಿ ಆನ್‌ಲೈನ್ ಪಾಠಕ್ಕೆಂದು ಮಲೆನಾಡಿನ ಮಕ್ಕಳು ಗುಡ್ಡ ಹತ್ತಿದ್ದನ್ನು ನಾವು ಮರೆತಿಲ್ಲ. ಇಂದಿಗೂ ಹಬ್ಬಕ್ಕೆ ಹೋಗುವಾಗ ಅಪ್ಪ–ಅಮ್ಮನಿಗೆಂದು ಬೂಸ್ಟರ್ ಕೊಂಡೊಯ್ಯುವ ಗೆಳೆಯರಿದ್ದಾರೆ. ಅದೂ ಅಕ್ರಮವೇ, ಗುಡ್ಡದ ಮರೆಯಲ್ಲಿ ಸಿಗ್ನಲ್ಲೇ ಇಲ್ಲದಿದ್ದರೆ ದಂಡವೂ ಹೌದು. ಊರಿಗೆ ಫೈಬರ್ ಬಂದಿದ್ದರೆ ಆ ಹಣದಲ್ಲಿ ಬ್ರಾಡ್‌ಬ್ಯಾಂಡ್ ಹಾಕಿಸಿ, ವೈಫೈ ಕಾಲಿಂಗ್ ಇರುವ ಫೋನ್ ಕೊಡಿಸಿ, ನೀವೇ ಕೂತು ಸೆಟ್ ಮಾಡಿ ಬನ್ನಿ. ನಾನು ಯುಗಾದಿಗೆ ಹೋದಾಗ ಮಾಡಿಬಂದದ್ದು ಅದನ್ನೇ.

ಮುಂದೆ ಈ ಪಾಡು ಕಡಿಮೆಯಾಗಬಹುದು. ಕಟ್ಟಡಗಳಿಗೆ ಒಳಗಿನ ಸಂಪರ್ಕದ ಗುಣಮಟ್ಟ ನೋಡಿ ನಕ್ಷತ್ರ ಕೊಡುವ ನಿಯಮಾವಳಿಯನ್ನು ಟ್ರಾಯ್ 2024ರ ಅಕ್ಟೋಬರ್‌ನಲ್ಲಿ ಹೊರಡಿಸಿದೆ. ಅಲ್ಲಿಯತನಕ ಚೆನ್ನೈ ಇರಲಿ, ಪುಣೆ ಇರಲಿ, ಮನೆ ನೋಡಲು ಹೋದಾಗ ನಲ್ಲಿ ತಿರುಗಿಸಿ ನೀರು ನೋಡುವ ಹಾಗೆ ಇನ್ನೊಂದು ಕೆಲಸ ಮಾಡಿ. ಅತಿ ಒಳಗಿನ ಕೋಣೆಗೆ ಹೋಗಿ, ಬಾಗಿಲು ಮುಚ್ಚಿಕೊಂಡು, ಊರಿಗೊಂದು ಫೋನ್ ಹಚ್ಚಿ. ಮಾತು ಸರಿಯಾಗಿ ಕೇಳಿಸಿದರೆ ಆಮೇಲೆ ಅಡ್ವಾನ್ಸ್ ಕೊಡಿ.